ಬಟ್ಟಲು ಖಾಲಿ, ಹಕ್ಕಿ ಹಗುರ: ಆರು ಫಿಂಚ್‌ಗಳು ಕಾಳಿನಿಂದ ಪೆಲೆಟ್‌ಗೆ ಬಂದ ಪ್ರಕರಣ

ಒಂದೇ ಪಂಜರದಲ್ಲಿ ಆರು ಹಕ್ಕಿಗಳು. ನಾಲ್ಕು ಜೀಬ್ರಾ ಫಿಂಚ್, ಎರಡು ಬೆಂಗಾಲೀಸ್ ಫಿಂಚ್. ಸಾಕಿದವಳು ನನ್ನ ಗೆಳತಿ. ಹಕ್ಕಿಗಳಿಗೆ ಹೆಸರಿಟ್ಟಿರಲಿಲ್ಲ, ಕಾಲಿನ ರಿಂಗ್ ಬಣ್ಣವೇ ಗುರುತು. ಹಸಿರು ಮತ್ತು ಹಳದಿ ಹೆಣ್ಣು, ನೀಲಿ ಮತ್ತು ಕಪ್ಪು ಗಂಡು. ಕಪ್ಪು ಎಲ್ಲಕ್ಕಿಂತ ಹಳೆಯದು. ಬೆಂಗಾಲೀಸ್ ಜೋಡಿಗೆ ರಿಂಗ್ ಇರಲಿಲ್ಲ. ಒಂದು ಪೂರ್ತಿ ಕಂದು, ಇನ್ನೊಂದಕ್ಕೆ ಬಿಳಿ ಮಚ್ಚೆ.

ಆಹಾರ ಬದಲಿಸುವ ಮಾತು ಬಂದಿದ್ದು ಹಸಿರಿನಿಂದ. ಸಾಲಾಗಿ ಮೂರನೇ ಸಲ ಮೊಟ್ಟೆ ಇಡಲು ಕೂತಿತ್ತು. ಮೊದಲ ಮೊಟ್ಟೆಯ ಚಿಪ್ಪು ಒತ್ತಿದರೆ ತಗ್ಗುವಷ್ಟು ಮೆತ್ತಗಿತ್ತು. ಮುಂದಿನದು ಒಳಗೇ ಸಿಕ್ಕಿಕೊಂಡಿತು. ಹಕ್ಕಿ ಪಂಜರದ ತಳಕ್ಕೆ ಇಳಿದು, ಗರಿ ಉಬ್ಬಿಸಿಕೊಂಡು, ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡಿಸುತ್ತಾ ಕೂತಿತ್ತು. ಹಕ್ಕಿಗಳ ಡಾಕ್ಟರ್ ಅದನ್ನು ಬೆಚ್ಚಗಿಟ್ಟು, ಕ್ಯಾಲ್ಸಿಯಂ ಕೊಟ್ಟು, ಮೊಟ್ಟೆ ಹೊರಗೆ ಬರುವಂತೆ ಮಾಡಿದರು. ಆಮೇಲೆ ಎರಡು ಮಾತು ಹೇಳಿದರು. ಗೂಡನ್ನು ಪಂಜರದಿಂದ ತೆಗೆಯಿರಿ. ಬರೀ ಕಾಳು ಸಾಲದು, ನಿಧಾನವಾಗಿ ಪೆಲೆಟ್ (ಕಾಳಿನ ಹಿಟ್ಟಿಗೆ ವಿಟಮಿನ್, ಖನಿಜ ಬೆರೆಸಿ ಒತ್ತಿ ಮಾಡಿದ ಸಿದ್ಧ ಆಹಾರದ ಗುಳಿಗೆ) ಅಭ್ಯಾಸ ಮಾಡಿಸಿ.

ಅಲ್ಲಿಯವರೆಗೆ ಅವು ತಿನ್ನುತ್ತಿದ್ದದ್ದು ಬರಗು, ನವಣೆ, ಕ್ಯಾನರಿ ಸೀಡ್ ಬೆರೆಸಿದ ಮಿಶ್ರಣ. ಆಗಾಗ ಒಂದು ನವಣೆ ತೆನೆ. ನೀರಿಗೆ ಎರಡು ಹನಿ ವಿಟಮಿನ್. ಕಟಲ್‌ಬೋನ್ (ಕ್ಯಾಲ್ಸಿಯಂಗಾಗಿ ಹಕ್ಕಿ ಕೆರೆದು ತಿನ್ನುವ, ಕಟಲ್‌ಫಿಶ್ ಎಂಬ ಕಡಲಜೀವಿಯ ಒಳಚಿಪ್ಪು) ಕೂಡ ಇತ್ತು, ಆದರೆ ಗೂಡಿನ ಹಿಂದಿನ ಮೂಲೆಯಲ್ಲಿ ಕಟ್ಟಿದ್ದರಿಂದ ಅದರ ಮೇಲೆ ಕೊಕ್ಕಿನ ಒಂದು ಗುರುತೂ ಇರಲಿಲ್ಲ.

ಕಾಳಿನಲ್ಲಿ ಏನು ಕಡಿಮೆ

ಬರಗು, ನವಣೆ ಕೆಟ್ಟ ಆಹಾರವಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕಂದ್ರೆ ಪೆಲೆಟ್ ಬಗ್ಗೆ ಮಾತಾಡುವವರು ಕಾಳನ್ನು ವಿಷ ಎನ್ನುವ ಹಾಗೆ ಮಾತಾಡುತ್ತಾರೆ. ಜೀಬ್ರಾ ಫಿಂಚ್ ಆಸ್ಟ್ರೇಲಿಯಾದ ಒಣ ಹುಲ್ಲುಗಾವಲಿನ ಹಕ್ಕಿ, ಹುಲ್ಲಿನ ಬೀಜವೇ ಅದರ ಊಟ. ಆದರೆ ಅಲ್ಲಿ ಅದಕ್ಕೆ ಹಲವು ಬಗೆಯ ಹುಲ್ಲಿನ ಬೀಜ ಸಿಗುತ್ತದೆ. ಒಣಗಿದ್ದರ ಜೊತೆಗೆ ಇನ್ನೂ ಹಾಲುಗಾಳಾಗಿರುವುದೂ ಸಿಗುತ್ತದೆ. ಪಂಜರದಲ್ಲಿ ಸಿಗುವುದು ಎರಡು ಮೂರು ಬಗೆಯ ಒಣ ಕಾಳು ಮಾತ್ರ. ಅದರಲ್ಲೂ ತನಗೆ ಇಷ್ಟವಾದ ಒಂದನ್ನೇ ಆರಿಸಿ ತಿಂದು ಉಳಿದದ್ದನ್ನು ಕೆದರಿ ಬೀಳಿಸುತ್ತದೆ.

ಈ ಕಾಳುಗಳಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಸುಮಾರು ಹತ್ತು ಪಟ್ಟು, ಕೆಲವದರಲ್ಲಿ ಅದಕ್ಕೂ ಜಾಸ್ತಿ. ಹಕ್ಕಿಯ ದೇಹಕ್ಕೆ ಬೇಕಾದ ಲೆಕ್ಕ ಇದಕ್ಕೆ ತಲೆಕೆಳಗು, ರಂಜಕಕ್ಕಿಂತ ಕ್ಯಾಲ್ಸಿಯಂ ಜಾಸ್ತಿ ಇರಬೇಕು. ವಿಟಮಿನ್ ಎ ಇಲ್ಲವೆನ್ನುವಷ್ಟು ಕಡಿಮೆ. ಡಿ3 ಇಲ್ಲವೇ ಇಲ್ಲ. ಡಿ3 ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಸಹ ಮೈಗೆ ಹತ್ತುವುದಿಲ್ಲ. ಬಿಸಿಲಿನಿಂದ ಡಿ3 ತಯಾರಾಗುತ್ತದೆ ನಿಜ, ಆದರೆ ಅದಕ್ಕೆ ಬೇಕಾದ ಕಿರಣವನ್ನು ಕಿಟಕಿಯ ಗಾಜು ತಡೆಯುತ್ತದೆ. ಕಿಟಕಿ ಪಕ್ಕ ಪಂಜರ ಇಟ್ಟಿದ್ದೇವೆ ಅಂದರೆ ಬೆಳಕು ಸಿಕ್ಕಿತು, ಡಿ3 ಸಿಗಲಿಲ್ಲ. ಲೈಸಿನ್, ಮೆಥಿಯೊನಿನ್ ಅನ್ನುವ ಅಮೈನೊ ಆಮ್ಲಗಳೂ ಕಾಳಿನಲ್ಲಿ ಕಡಿಮೆ. ಗರಿ ಕಟ್ಟಲು, ಮೊಟ್ಟೆ ಕಟ್ಟಲು ಅವು ಬೇಕು.

ಮೊಟ್ಟೆಯ ಲೆಕ್ಕ ಹಾಕಿದರೆ ಹಸಿರಿನ ಕಷ್ಟ ಗೊತ್ತಾಗುತ್ತದೆ. ಜೀಬ್ರಾ ಫಿಂಚಿನ ಒಂದು ಮೊಟ್ಟೆ ಸುಮಾರು ಒಂದು ಗ್ರಾಂ. ದಿನಕ್ಕೊಂದರಂತೆ ಐದು ಇಟ್ಟರೆ ಐದು ಗ್ರಾಂ. ಹಕ್ಕಿಯದ್ದೇ ತೂಕ ಹದಿನಾಲ್ಕು. ಮೂರು ಸಲ ಬಿಡುವಿಲ್ಲದೆ ಇಟ್ಟರೆ ಚಿಪ್ಪಿಗೆ ಕ್ಯಾಲ್ಸಿಯಂ ಎಲ್ಲಿಂದ ಬರಬೇಕು? ಮೂಳೆಯಿಂದಲೇ ತೆಗೆಯಬೇಕು.

ಒಂದು ದಿನದ ಆತುರ

ನನ್ನನ್ನು ಕರೆಯುವ ಮೊದಲೇ ಮನೆಯಲ್ಲಿ ಒಂದು ಪ್ರಯತ್ನ ಆಗಿಹೋಗಿತ್ತು. ಹಸಿದರೆ ತಾನಾಗೇ ತಿನ್ನುತ್ತವೆ ಎಂದು ಯಾರೋ ಹೇಳಿದ್ದನ್ನು ಕೇಳಿ, ಬೆಳಿಗ್ಗೆ ಕಾಳು ತೆಗೆದು ಬರೀ ಪೆಲೆಟ್ ಇಟ್ಟಿದ್ದರು. ಮಧ್ಯಾಹ್ನದ ಹೊತ್ತಿಗೆ ಹಕ್ಕಿಗಳ ಸದ್ದು ನಿಂತಿತು. ಸಂಜೆಗೆ ಎರಡು ಹಕ್ಕಿ ಗರಿ ಉಬ್ಬಿಸಿ ಕೂತಿದ್ದವು. ತಟ್ಟೆಯ ಕಾಗದದ ಮೇಲೆ ಹಿಕ್ಕೆ ಬಹಳ ಕಡಿಮೆ, ಇದ್ದದ್ದೂ ಕಡು ಹಸಿರು, ಅಂಟಂಟು. ಗೆಳತಿ ಹೆದರಿ ಕಾಳು ವಾಪಸ್ ಇಟ್ಟಳು. ಇಟ್ಟ ತಕ್ಷಣ ಆರೂ ಮುಗಿಬಿದ್ದವು.

ಅವಳು ಹೆದರಿದ್ದು ಸರಿಯಾಗಿತ್ತು. ಫಿಂಚಿನ ಮೈಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್. ಅಷ್ಟು ಚಿಕ್ಕ ಮೈಯಲ್ಲಿ ಅಷ್ಟು ಬಿಸಿ ಉಳಿಸಿಕೊಳ್ಳಲು ಅದು ಬೆಳಕಿರುವಷ್ಟು ಹೊತ್ತೂ ತಿನ್ನುತ್ತಲೇ ಇರಬೇಕು. ದಿನಕ್ಕೆ ಮೂರ್ನಾಲ್ಕು ಗ್ರಾಂ ಆಹಾರ, ಅಂದರೆ ಮೈತೂಕದ ಕಾಲು ಭಾಗದ ಹತ್ತಿರ. ಒಂದೆರಡು ದಿನ ಹೊಟ್ಟೆಗೆ ಬೀಳದಿದ್ದರೆ ಸಾಯುತ್ತದೆ. ದೊಡ್ಡ ಗಿಣಿಯ ಮಾಲೀಕರಿಗೆ ಕೊಡುವ ಸಲಹೆಯನ್ನು ಫಿಂಚಿಗೆ ಹಾಗೇ ತಂದು ಹಾಕಬಾರದು ಎನ್ನುವುದು ಇದಕ್ಕೇ. ಇನ್ನೊಂದು ವಿಷಯ: ಪೆಲೆಟ್ ಎನ್ನುವುದು ತಿನ್ನುವ ವಸ್ತು ಅಂತಲೇ ಅವಕ್ಕೆ ಗೊತ್ತಿರುವುದಿಲ್ಲ. ಹಸಿವಾದ ಮಾತ್ರಕ್ಕೆ ಕಲ್ಲಿನ ಚೂರನ್ನು ಯಾರಾದರೂ ತಿಂತಾರಾ?

ತೂಕ ಮೊದಲು

ನಾನು ಹೋದಾಗ ಮಾಡಿದ ಮೊದಲ ಕೆಲಸ ಪೆಲೆಟ್ ಪ್ಯಾಕೆಟ್ ಎತ್ತಿ ಪಕ್ಕಕ್ಕಿಟ್ಟದ್ದು. ಒಂದಿಷ್ಟು ದಿನ ಹಳೆಯ ಆಹಾರವೇ ಇರಲಿ, ಹಕ್ಕಿಗಳನ್ನು ತೂಕಕ್ಕೆ ಅಭ್ಯಾಸ ಮಾಡೋಣ ಎಂದೆ. ಅಡುಗೆಮನೆಯ ಸಾಮಾನ್ಯ ತಕ್ಕಡಿ ಇದಕ್ಕೆ ಬರುವುದಿಲ್ಲ. ಗ್ರಾಮಿನ ಹತ್ತನೇ ಒಂದು ಭಾಗ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ಬೇಕು. ಗಾಳಿಯಾಡಲು ತೂತು ಮಾಡಿದ ಒಂದು ಚಿಕ್ಕ ಪ್ಲಾಸ್ಟಿಕ್ ಡಬ್ಬಿಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿಕೊಳ್ಳುವುದು. ಕೋಣೆಯ ದೀಪ ಕಡಿಮೆ ಮಾಡಿ, ಹಕ್ಕಿ ಹಿಡಿದು ಡಬ್ಬಿಯೊಳಗೆ ಬಿಡುವುದು, ಅಂಕಿ ನಿಂತ ಕೂಡಲೇ ವಾಪಸ್. ಕತ್ತಲಿದ್ದರೆ ಹಕ್ಕಿ ಗಾಬರಿಯಾಗುವುದು ಕಡಿಮೆ.

ಹೊತ್ತು ಮುಖ್ಯ. ರಾತ್ರಿ ಕಳೆಯುವಷ್ಟರಲ್ಲಿ ಫಿಂಚಿನ ತೂಕ ಅರ್ಧ ಗ್ರಾಂ, ಕೆಲವೊಮ್ಮೆ ಒಂದರ ಹತ್ತಿರ ಇಳಿಯುತ್ತದೆ, ಬೆಳಿಗ್ಗೆ ತಿಂದ ಮೇಲೆ ಮತ್ತೆ ಏರುತ್ತದೆ. ಒಂದು ದಿನ ಬೆಳಿಗ್ಗೆ, ಇನ್ನೊಂದು ದಿನ ಸಂಜೆ ತೂಗಿದರೆ ಆ ಅಂಕಿಗಳಿಂದ ಏನೂ ಗೊತ್ತಾಗಲ್ಲ. ಬೆಳಿಗ್ಗೆ ಊಟ ಹಾಕುವ ಮೊದಲು ಎಂದು ನಿಗದಿ ಮಾಡಿದೆವು.

ಶುರುವಿನ ತೂಕ ಹೀಗಿತ್ತು. ಹಸಿರು 14.2 ಗ್ರಾಂ, ನೀಲಿ 13.6, ಹಳದಿ 13.1, ಕಪ್ಪು 12.9. ಬೆಂಗಾಲೀಸ್ ಜೋಡಿ 15.4 ಮತ್ತು 14.8. ಪ್ರತಿಯೊಂದರ ಮುಂದೆ ಹತ್ತನೇ ಒಂದು ಭಾಗ ಕಳೆದು ಇನ್ನೊಂದು ಅಂಕಿ ಬರೆದೆವು. ಹಸಿರಿಗೆ 12.8, ಕಪ್ಪಿಗೆ 11.6, ಹೀಗೆ. ಯಾವ ಹಕ್ಕಿ ಆ ಗೆರೆ ಮುಟ್ಟಿದರೂ ಅದಕ್ಕೆ ಅವತ್ತೇ ಹಳೆಯ ಊಟ ಪೂರ್ತಿ ವಾಪಸ್, ಚರ್ಚೆಯೇ ಇಲ್ಲ.

ಹಸಿರಿನ ತೂಕ ನೋಡಿ ಗೆಳತಿಗೆ ಸಮಾಧಾನವಾಯಿತು, ದಷ್ಟಪುಷ್ಟವಾಗಿದೆ ಎಂದಳು. ಹಕ್ಕಿಯನ್ನು ಅಂಗೈಯಲ್ಲಿ ಮಲಗಿಸಿ ಹೊಟ್ಟೆಯ ಗರಿಯನ್ನು ಮೆಲ್ಲಗೆ ಊದಿ ತೋರಿಸಿದೆ. ಚರ್ಮದಡಿ ಹಳದಿ ಕೊಬ್ಬಿನ ಪದರ ಕಾಣಿಸಿತು. ಎದೆಮೂಳೆಯ ಎರಡೂ ಬದಿಯ ಮಾಂಸ ಮಾತ್ರ ತಗ್ಗಿತ್ತು. ತೂಕ ಸರಿಯಿದ್ದೂ ಸೊರಗಿದ ಹಕ್ಕಿ ಅದು. ತಕ್ಕಡಿಯ ಜೊತೆಗೆ ಎದೆಮೂಳೆ ಮುಟ್ಟಿ ನೋಡುವ ರೂಢಿಯೂ ಬೇಕು ಎನ್ನುವುದು ಇದಕ್ಕೆ.

ಡಾಕ್ಟರಿಂದ ಒಂದು ಒಪ್ಪಿಗೆ ಬೇಕಿತ್ತು. ಹಕ್ಕಿ ಕಾಯಿಲೆಯಲ್ಲಿದ್ದಾಗ, ಗರಿ ಉದುರಿಸುತ್ತಿರುವಾಗ, ಮರಿ ಸಾಕುತ್ತಿರುವಾಗ, ಹೊಸದಾಗಿ ಮನೆಗೆ ಬಂದಾಗ ಆಹಾರ ಬದಲಿಸಬಾರದು. ಹಸಿರು ಚೇತರಿಸಿಕೊಂಡಿದೆ ಎಂದು ಅವರು ಹೇಳುವ ತನಕ ಕಾದೆವು. ಅಷ್ಟರಲ್ಲಿ ಗೂಡು ಹೋಗಿತ್ತು. ದೀಪದ ಹೊತ್ತನ್ನೂ ಸ್ವಲ್ಪ ಕಡಿಮೆ ಮಾಡಿದ್ದಳು. ಕಟಲ್‌ಬೋನ್ ಮುಂದಿನ ಕೋಲಿನ ಪಕ್ಕಕ್ಕೆ ಬಂತು. ಹಸಿರು ಮರುದಿನದಿಂದಲೇ ಅದನ್ನು ಕೆರೆಯತೊಡಗಿತು.

ಪುಡಿಯ ಲೆಕ್ಕ

ಮೊದಲ ವಾರ ಪೆಲೆಟನ್ನು ನುಣ್ಣಗೆ ಪುಡಿ ಮಾಡಿ ಮೆತ್ತನೆಯ ಊಟಕ್ಕೆ ಸೇರಿಸಿದ್ದು ಅಷ್ಟೇ. ಬೇಯಿಸಿದ ಮೊಟ್ಟೆಯನ್ನು ಕಿವುಚಿ ಅದರ ಮೇಲೆ ಪುಡಿ ಉದುರಿಸಿದರೆ ಫಿಂಚ್‌ಗಳು ಸಾಮಾನ್ಯವಾಗಿ ತಕರಾರು ಮಾಡುವುದಿಲ್ಲ. ಇಲ್ಲಿ ಒಂದು ತೊಡಕಿತ್ತು. ಮೊಟ್ಟೆಯ ಊಟ ಜಾಸ್ತಿಯಾದರೆ ಹೆಣ್ಣಿಗೆ ಮತ್ತೆ ಮೊಟ್ಟೆ ಇಡುವ ಆಸೆ ಬರುತ್ತದೆ, ನಮಗೆ ಅದೇ ಬೇಡವಾಗಿತ್ತು. ಹಾಗಾಗಿ ಮೊಟ್ಟೆ ವಾರಕ್ಕೆರಡು ಸಲ ಚಿಟಿಕೆಯಷ್ಟು. ಉಳಿದ ದಿನ ತುರಿದ ಕ್ಯಾರೆಟ್, ಸಣ್ಣಗೆ ಹೆಚ್ಚಿದ ಸೊಪ್ಪು. ಒದ್ದೆಯಾದದ್ದಕ್ಕೆ ಪುಡಿ ಚೆನ್ನಾಗಿ ಅಂಟಿಕೊಳ್ಳುತ್ತದೆ. ಎರಡು ಗಂಟೆಯ ಮೇಲೆ ಯಾವ ಒದ್ದೆ ಊಟವನ್ನೂ ಪಂಜರದಲ್ಲಿ ಬಿಡುತ್ತಿರಲಿಲ್ಲ.

ಆಮೇಲೆ ಬೆಳಿಗ್ಗೆ ದೀಪ ಹಾಕಿದ ಮೊದಲ ಒಂದು ಗಂಟೆ ಪೆಲೆಟ್ ಬಟ್ಟಲು ಮಾತ್ರ, ನಂತರ ದಿನವಿಡೀ ಪೆಲೆಟ್ ಮತ್ತು ಕಾಳು ಎರಡೂ. ಬೆಳಗಿನ ಹಸಿವನ್ನು ಅಷ್ಟು ಮಟ್ಟಿಗೆ ಬಳಸಿಕೊಳ್ಳಬಹುದು, ಅದಕ್ಕಿಂತ ಜಾಸ್ತಿ ಎಳೆಯಬಾರದು.

ಎರಡನೇ ವಾರದಲ್ಲಿ ಗೆಳತಿ ಖುಷಿಯಿಂದ ಫೋನ್ ಮಾಡಿದಳು. "ಹತ್ತು ಗ್ರಾಂ ಪೆಲೆಟ್ ಇಟ್ಟಿದ್ದೆ, ಸಂಜೆಗೆ ನಾಲ್ಕೇ ಉಳಿದಿದೆ. ಆರು ಹಕ್ಕಿಗೆ ಆರು ಗ್ರಾಂ. ತಿಂತಿವೆ ಅಲ್ವಾ?" ತೂಕ ಕೇಳಿದೆ. ಹಳದಿ 12.3ಕ್ಕೆ ಇಳಿದಿತ್ತು, ನೀಲಿ 12.9ಕ್ಕೆ. ಗೆರೆ ಮುಟ್ಟಿರಲಿಲ್ಲ, ಆದರೆ ಆರು ಗ್ರಾಂ ಪೆಲೆಟ್ ಹೊಟ್ಟೆಗೆ ಹೋಗಿದ್ದರೆ ತೂಕ ಯಾಕೆ ಇಳಿಯಬೇಕು?

ತಳದ ತಟ್ಟೆಯ ಕಾಗದವನ್ನು ಹಾಗೇ ಮಡಿಸಿ ಇಡಲು ಹೇಳಿದೆ. ಕಾಳಿನ ಹೊಟ್ಟನ್ನು ಊದಿ ಹಾರಿಸಿ, ಉಳಿದದ್ದನ್ನು ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದೆವು. ಕೆಳಗೆ ಬಿದ್ದ ಕಂದು ಪುಡಿಯನ್ನು ತೂಗಿದರೆ ನಾಲ್ಕು ಗ್ರಾಂ ದಾಟಿತು. ಇಟ್ಟ ಹತ್ತರಲ್ಲಿ ಬಟ್ಟಲಿನಲ್ಲಿ ನಾಲ್ಕು, ತಳದಲ್ಲಿ ನಾಲ್ಕಕ್ಕೂ ಜಾಸ್ತಿ. ಆರು ಹಕ್ಕಿ ಸೇರಿ ತಿಂದದ್ದು ಎರಡಕ್ಕೂ ಕಡಿಮೆ.

ಯಾಕೆ ಹೀಗಾಗುತ್ತದೆ ಎಂದು ಬಟ್ಟಲಿನ ಪಕ್ಕ ಕೂತು ನೋಡಿದರೆ ಗೊತ್ತಾಗುತ್ತದೆ. ಫಿಂಚ್ ಕಾಳನ್ನು ಎತ್ತಿಕೊಂಡಾಗ ಅದು ಮೇಲಿನ ಕೊಕ್ಕಿನ ಒಳಗಿರುವ ತಗ್ಗಿನಲ್ಲಿ ಕೂರುತ್ತದೆ. ನಾಲಿಗೆ ಅದನ್ನು ತಿರುಗಿಸುತ್ತದೆ, ಕೆಳಗಿನ ಕೊಕ್ಕು ಒತ್ತುತ್ತದೆ, ಸಿಪ್ಪೆ ಬಿಟ್ಟುಕೊಂಡು ಬಾಯಿಯ ಬದಿಯಿಂದ ಜಾರಿ ಬೀಳುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಹಳದಿ ಪೆಲೆಟ್ ಚೂರಿಗೂ ಇದನ್ನೇ ಮಾಡುತ್ತಿತ್ತು. ಎತ್ತಿಕೊಂಡು, ತಿರುಗಿಸಿ, ಸಿಪ್ಪೆ ಹುಡುಕಿ, ಒತ್ತಿದರೆ ಚೂರು ಎರಡಾಗುತ್ತಿತ್ತು. ಒಂದು ಕೆಳಗೆ ಬೀಳುತ್ತಿತ್ತು. ಉಳಿದದ್ದನ್ನು ಮತ್ತೆ ತಿರುಗಿಸಿ ಒತ್ತಿದರೆ ಅದೂ ಪುಡಿ. ಕೊನೆಗೆ ತಲೆ ಕೊಡವಿ, ಕೊಕ್ಕನ್ನು ಕೋಲಿಗೆ ಉಜ್ಜಿ, ಇನ್ನೊಂದು ಚೂರಿಗೆ ಬಗ್ಗುತ್ತಿತ್ತು. ದೂರದಿಂದ ನೋಡಿದವರಿಗೆ ಹಕ್ಕಿ ಒಂದೇ ಸಮ ತಿನ್ನುತ್ತಿದೆ ಅನ್ನಿಸುತ್ತದೆ. ಅದು ತಿನ್ನುತ್ತಿಲ್ಲ, ಕೆಲಸ ಮಾಡುತ್ತಿದೆ ಅಷ್ಟೇ.

ಈ ಪ್ರಕರಣದ ತಿರುಳು ನನ್ನ ಮಟ್ಟಿಗೆ ಇದೇ. ಕಾಳಿನ ಬಟ್ಟಲು ಒಂದು ರೀತಿ ಮೋಸ ಮಾಡುತ್ತದೆ: ತಿಂದು ಮುಗಿದ ಮೇಲೂ ಹೊಟ್ಟು ತುಂಬಿಕೊಂಡು ತುಂಬಿದ ಹಾಗೇ ಕಾಣುತ್ತದೆ. ಪೆಲೆಟ್ ಬಟ್ಟಲು ಅದಕ್ಕೆ ಉಲ್ಟಾ ಮೋಸ ಮಾಡುತ್ತದೆ, ತಿನ್ನದಿದ್ದರೂ ಖಾಲಿಯಾಗುತ್ತದೆ. ಯಾವ ಕಂಪನಿಯ ಪೆಲೆಟ್ ಒಳ್ಳೆಯದು ಎಂದು ಜನ ಎಷ್ಟೋ ಹೊತ್ತು ವಾದ ಮಾಡುತ್ತಾರೆ. ಎಷ್ಟು ಒಳಗೆ ಹೋಯಿತು ಎಂದು ಅಳೆಯುವವರು ಕಡಿಮೆ.

ಬದಲಾವಣೆ ಸುಲಭದ್ದೇ. ತಂದಿದ್ದ ಪೆಲೆಟ್ ಲವ್ ಬರ್ಡ್ಸ್ ಗಾತ್ರದ್ದು, ಅದನ್ನು ಮನೆಯಲ್ಲಿ ಕುಟ್ಟಿ ಚೂರು ಮಾಡಿದ್ದರು. ದೊಡ್ಡ ಚೂರು, ಪುಡಿ ಎಲ್ಲ ಬೆರಕೆ. ಅದರ ಬದಲು ಫಿಂಚ್, ಕ್ಯಾನರಿಗೆಂದೇ ಮಾಡಿದ ಸಣ್ಣ ನುಚ್ಚಿನಂಥದ್ದು ತರಿಸಿದೆವು. ಪುಡಿಯನ್ನು ಜರಡಿ ಹಿಡಿದು ಒದ್ದೆ ಊಟಕ್ಕೆ ಎತ್ತಿಟ್ಟು, ನುಚ್ಚನ್ನು ಮಾತ್ರ ಬಟ್ಟಲಿಗೆ. ನುಚ್ಚು ಬರಗಿನ ಕಾಳಿಗಿಂತಲೂ ಸಣ್ಣದಿದ್ದರೆ ಹಕ್ಕಿ ಅದನ್ನು ಸುಲಿಯಲು ಹೋಗದೆ ನೇರ ನುಂಗುತ್ತದೆ. ಕೋಲಿಗೆ ತೂಗುಹಾಕಿದ್ದ ಬಟ್ಟಲನ್ನೂ ತೆಗೆದೆವು. ಜೀಬ್ರಾ ಫಿಂಚ್ ನೆಲದ ಮೇಲೆ ಹೆಕ್ಕಿ ತಿನ್ನುವ ಹಕ್ಕಿ, ಹಾಗಾಗಿ ಅಗಲವಾದ ಚಪ್ಪಟೆ ತಟ್ಟೆಯನ್ನು ತಳದಲ್ಲೇ ಇಟ್ಟೆವು, ಕೋಲುಗಳ ನೇರ ಕೆಳಗೆ ಬಾರದ ಹಾಗೆ. ಇಲ್ಲದಿದ್ದರೆ ಮೇಲಿಂದ ಹಿಕ್ಕೆ ಬೀಳುತ್ತದೆ. ತಟ್ಟೆಯಲ್ಲಿ ಎರಡು ಪಾಲು ಕಾಳು, ಒಂದು ಪಾಲು ನುಚ್ಚು ಬೆರೆಸಿ ಹರಡಿದ್ದು.

ಬೆಂಗಾಲೀಸ್ ಮುಂದೆ

ನುಚ್ಚನ್ನು ಮೊದಲು ನಿಜವಾಗಿ ತಿಂದದ್ದು ಕಂದು ಬೆಂಗಾಲೀಸ್. ಇವು ರಾಟವಾಳದ ಬಳಗ. ಬಿಳಿ ಸೊಂಟದ ರಾಟವಾಳವನ್ನು ಎರಡು ಶತಮಾನಕ್ಕೂ ಹೆಚ್ಚು ಕಾಲ ಜಪಾನಿನಲ್ಲಿ ಸಾಕಿ ಸಾಕಿ ಬಂದ ತಳಿ. ಬೇರೆ ಫಿಂಚ್‌ಗಳ ಮೊಟ್ಟೆಗೆ ಕಾವು ಕೂರುವಷ್ಟು ಸಾಧು. ಹೊಸ ವಸ್ತು ಕಂಡರೆ ಜೀಬ್ರಾ ಹಿಂದೆ ಸರಿಯುತ್ತದೆ, ಬೆಂಗಾಲೀಸ್ ಹತ್ತಿರ ಹೋಗುತ್ತದೆ ಎನ್ನುವುದು ನನ್ನ ಅನುಭವ. ಎಲ್ಲ ಹಕ್ಕಿಗೂ ಅನ್ವಯಿಸುತ್ತದೆ ಎಂದು ಹೇಳಲಾರೆ.

ಒಂದು ತಿಂದರೆ ಉಳಿದವು ನೋಡುತ್ತವೆ. ಜೀಬ್ರಾ ಫಿಂಚ್ ಬೇರೆ ಹಕ್ಕಿ ಯಾವ ಬಣ್ಣದ ಬಟ್ಟಲಿನಿಂದ ತಿನ್ನುವುದನ್ನು ನೋಡಿತೋ ಆ ಬಣ್ಣದ ಬಟ್ಟಲಿನ ಕಡೆ ಒಲವು ತೋರಿಸುತ್ತದೆ ಎಂದು 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಂಡುಕೊಂಡಿದ್ದಾರೆ. ಪಂಜರದಲ್ಲಿ ನಾವು ಕಂಡದ್ದೂ ಅದೇ. ಕಂದು ತಟ್ಟೆಗೆ ಇಳಿದರೆ ನೀಲಿ ಪಕ್ಕಕ್ಕೆ ಬಂದು ಅದು ಕೊಕ್ಕು ಹಾಕಿದ ಜಾಗದಲ್ಲೇ ಕೊಕ್ಕು ಹಾಕುತ್ತಿತ್ತು. ನೀಲಿ ಶುರು ಮಾಡಿದ ಮೇಲೆ ಹಸಿರಿಗೆ ಜಾಸ್ತಿ ಹೊತ್ತು ಹಿಡಿಯಲಿಲ್ಲ. ಹಳದಿಯೂ ಕಲಿಯಿತು, ತಡವಾಗಿ. ಹಠಮಾರಿ ಹಕ್ಕಿಯನ್ನು ಒಂಟಿಯಾಗಿಟ್ಟು ಕಲಿಸುತ್ತೇನೆ ಎನ್ನುವವರಿದ್ದಾರೆ. ಫಿಂಚ್ ಗುಂಪಿನ ಹಕ್ಕಿ, ಒಂಟಿಯಾದರೆ ತಿನ್ನುವುದನ್ನೇ ಬಿಡಬಹುದು. ಕಲಿಸುವ ಹಕ್ಕಿಯ ಜೊತೆಗಿಡುವುದೇ ಮೇಲು.

ತೂಕ ನಿಂತಿತು. ಹಿಕ್ಕೆಯೂ ಬದಲಾಯಿತು: ಮೊದಲಿನ ಸಣ್ಣ ಗಟ್ಟಿ ಹನಿಯ ಬದಲು ದೊಡ್ಡದು, ಮೆತ್ತಗಿನದು, ಪೆಲೆಟಿನದೇ ಕಂದು ಬಣ್ಣ. ಗೆಳತಿ ಭೇದಿ ಅಂದುಕೊಂಡಳು. ಅದು ಭೇದಿಯಲ್ಲ, ಪೆಲೆಟ್ ಒಳಗೆ ಹೋಗುತ್ತಿದೆ ಎಂಬುದಕ್ಕೆ ಸಾಕ್ಷಿ. ಬಣ್ಣ ಹಾಕಿದ ಪೆಲೆಟ್ ಆಗಿದ್ದರೆ ಹಿಕ್ಕೆಯೂ ಕೆಂಪು, ಹಸಿರು ಆಗಿ ಇಷ್ಟು ಸ್ಪಷ್ಟವಾಗಿ ಓದಲು ಬರುತ್ತಿರಲಿಲ್ಲ. ಬಣ್ಣವಿಲ್ಲದ್ದನ್ನೇ ತರಬೇಕು ಎಂದು ನಾನು ಹೇಳುವುದು ಇದೊಂದೇ ಕಾರಣಕ್ಕೆ. ನೀರು ಕುಡಿಯುವುದೂ ಹೆಚ್ಚಿತು. ಒಣ ನುಚ್ಚು ತಿನ್ನುವ ಹಕ್ಕಿಗೆ ಅದು ಸಹಜ.

ನೀರಿಗೆ ಹಾಕುತ್ತಿದ್ದ ವಿಟಮಿನ್ ಹನಿಯನ್ನು ಈ ಹಂತದಲ್ಲಿ ನಿಲ್ಲಿಸಿದೆವು. ಪೆಲೆಟಿನಲ್ಲೇ ಎ, ಡಿ3 ಸೇರಿಸಿರುತ್ತಾರೆ. ಅದರ ಮೇಲೆ ಇದೂ ಸೇರಿದರೆ ಮಿತಿ ಮೀರುತ್ತದೆ, ಈ ಎರಡು ವಿಟಮಿನ್ ಜಾಸ್ತಿಯಾದರೂ ಅಪಾಯವೇ.

ಕಪ್ಪು ಇಳಿಯುತ್ತಲೇ ಹೋಯಿತು

ಐದು ಹಕ್ಕಿಯ ತೂಕ ನಿಂತಾಗ ಕಪ್ಪು ಮಾತ್ರ ಇಳಿಯುತ್ತಿತ್ತು. 12.4, 12.0, 11.8. ಒಂದು ಬೆಳಿಗ್ಗೆ 11.5. ಗೆರೆ ದಾಟಿತ್ತು. ಮಾತಾದಂತೆ ಅವತ್ತೇ ನಿಲ್ಲಿಸಿದೆವು. ಕಪ್ಪು ಮತ್ತು ಬಿಳಿ ಮಚ್ಚೆಯ ಬೆಂಗಾಲೀಸನ್ನು ಪಕ್ಕದ ಪಂಜರಕ್ಕೆ ಹಾಕಿ, ಬರೀ ಕಾಳು ಮತ್ತು ನವಣೆ ತೆನೆ ಕೊಟ್ಟೆವು.

ವಿಚಿತ್ರವೆಂದರೆ ಅದು ಊಟ ಬಿಟ್ಟ ಹಕ್ಕಿಯ ಹಾಗೆ ಇರಲಿಲ್ಲ. ಇಡೀ ದಿನ ಬಟ್ಟಲಿನಲ್ಲೇ. ತಟ್ಟೆಯ ತುಂಬ ಹೊಟ್ಟು, ಅಂದರೆ ಕಾಳು ಸುಲಿದು ತಿನ್ನುತ್ತಿದೆ. ಪೆಲೆಟ್ ಕಾರಣವಾಗಿದ್ದರೆ ಕಾಳು ವಾಪಸ್ ಕೊಟ್ಟ ಎರಡು ಮೂರು ದಿನದಲ್ಲಿ ತೂಕ ಏರಬೇಕಿತ್ತು. ಏರಲಿಲ್ಲ. 11.4ರಲ್ಲಿ ಕೂತಿತು. ಬಿಳಿ ಕಾಗದ ಹಾಸಿ ಹಿಕ್ಕೆ ನೋಡಿದರೆ ಅದರಲ್ಲಿ ಅರೆಯದ ಕಾಳಿನ ಚೂರುಗಳು ಹಾಗೇ ಬಂದಿದ್ದವು. ಆರೋಗ್ಯವಾಗಿರುವ ಫಿಂಚಿನ ಹಿಕ್ಕೆಯಲ್ಲಿ ಕಾಳು ಕಾಣಿಸಬಾರದು.

ಡಾಕ್ಟರ್ ತಾಜಾ ಹಿಕ್ಕೆಯನ್ನು ಸ್ಲೈಡಿನ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಉದ್ದುದ್ದ ಕಡ್ಡಿಯಂಥ ಜೀವಿಗಳು. ಮ್ಯಾಕ್ರೊರಾಬ್ಡಸ್ ಎಂಬ ಯೀಸ್ಟ್. ಹಿಂದೆ ಇದನ್ನು ಬ್ಯಾಕ್ಟೀರಿಯಾ ಎಂದುಕೊಂಡು ಮೆಗಾಬ್ಯಾಕ್ಟೀರಿಯಾ ಎನ್ನುತ್ತಿದ್ದರು, ಹಳೆಯ ಸಾಕಣೆದಾರರು ಈಗಲೂ ಹಾಗೇ ಹೇಳುತ್ತಾರೆ. ಇದು ಹಕ್ಕಿಯ ಹೊಟ್ಟೆಯಲ್ಲಿ, ಕಾಳು ಅರೆಯುವ ಭಾಗಕ್ಕೆ ಸ್ವಲ್ಪ ಮೊದಲು ಬೇರೂರುತ್ತದೆ. ಹಕ್ಕಿ ತಿನ್ನುತ್ತಲೇ ಇರುತ್ತದೆ, ಮೈಗೆ ಮಾತ್ರ ಹತ್ತುವುದಿಲ್ಲ. ಹಿಕ್ಕೆಯ ಮೂಲಕ ಬೇರೆ ಹಕ್ಕಿಗೂ ಹರಡುತ್ತದೆ. ಪ್ರತಿ ಸಲ ಹಿಕ್ಕೆಯಲ್ಲಿ ಕಾಣಿಸಲೇಬೇಕೆಂದಿಲ್ಲ, ಹಾಗಾಗಿ ಒಮ್ಮೆ ನೋಡಿ ಇಲ್ಲ ಎನ್ನಲು ಬರುವುದಿಲ್ಲ. ಆರಕ್ಕೂ ಬಾಯಿಯ ಮೂಲಕ ಆಂಫೊಟೆರಿಸಿನ್ ಬಿ ಎಂಬ ಶಿಲೀಂಧ್ರ ಕೊಲ್ಲುವ ಔಷಧ ಕೊಡುವುದೆಂದಾಯಿತು. ಅದು ಮುಗಿಯುವವರೆಗೆ ಪೆಲೆಟಿನ ಪಾಲು ಏರಿಸುವುದು ಬಂದ್. ತಟ್ಟೆಯ ಕಾಗದ ದಿನಕ್ಕೆರಡು ಸಲ ಬದಲು. ಗೆಳತಿಗೆ ಇದು ಸುಸ್ತಿನ ಕೆಲಸವಾಯಿತು.

ತೂಕ ಬರೆಯದೆ ಇದ್ದಿದ್ದರೆ ಎರಡರಲ್ಲಿ ಒಂದು ಆಗುತ್ತಿತ್ತು. ಕಪ್ಪು ಬಟ್ಟಲಿನಲ್ಲೇ ಇದೆ, ಚೆನ್ನಾಗಿ ತಿಂತಿದೆ ಎಂದುಕೊಂಡು ಸುಮ್ನೆ ಬಿಡುತ್ತಿದ್ದರು. ಇಲ್ಲವೇ ಪೆಲೆಟ್ ಒಗ್ಗಲಿಲ್ಲ ಎಂದು ಆರಕ್ಕೂ ಕಾಳಿಗೇ ಮರಳುತ್ತಿದ್ದರು. ಎರಡರಲ್ಲೂ ಕಾಯಿಲೆ ಒಳಗೇ ಉಳಿಯುತ್ತಿತ್ತು.

ಎಲ್ಲಿ ನಿಂತಿತು

ಔಷಧ ಮುಗಿದ ಮೇಲೆ ಕಪ್ಪು ನಿಧಾನವಾಗಿ 12.6ಕ್ಕೆ ಬಂತು, ಅದಕ್ಕಿಂತ ಮೇಲೇರಲಿಲ್ಲ. ಉಳಿದವಕ್ಕೆ ನುಚ್ಚಿನ ಪಾಲನ್ನು ಮತ್ತೆ ಏರಿಸಿದೆವು. ತಿಂದದ್ದರಲ್ಲಿ ಅರ್ಧ ಪೆಲೆಟ್ ಆದಾಗ ನಿಲ್ಲಿಸಿದೆವು. ತಿಂದದ್ದರಲ್ಲಿ ಅರ್ಧ, ಇಟ್ಟದ್ದರಲ್ಲಿ ಅಲ್ಲ. ಜರಡಿಯ ಪುಡಿ ತೂಗಿ ಕಳೆದು ತೆಗೆದ ಲೆಕ್ಕ ಅದು. ಉಳಿದರ್ಧ ಕಾಳು, ಮೊಳಕೆ ಬರಿಸಿದ ಕಾಳು, ಸೊಪ್ಪು. ಮೊಳಕೆಯನ್ನು ಕೊಡುವ ಮುನ್ನ ಮೂಸಿ ನೋಡಬೇಕು, ಹುಳಿ ವಾಸನೆ ಬಂದರೆ ಅಷ್ಟೂ ಬಿಸಾಡಬೇಕು.

ಪೂರ್ತಿ ಪೆಲೆಟ್ ಯಾಕಿಲ್ಲ ಎಂದು ಗೆಳತಿ ಕೇಳಿದಳು. ನನ್ನ ಉತ್ತರ ಎರಡು. ಬಹುತೇಕ ಪೆಲೆಟ್ ತಯಾರಕರು ಹಿಡಿದಿರುವ ಲೆಕ್ಕ ಕೋಳಿ, ಗಿಣಿಗಳ ಮೇಲಿನ ಸಂಶೋಧನೆಯಿಂದ ಬಂದದ್ದು. ಹದಿನಾಲ್ಕು ಗ್ರಾಮಿನ ಹಕ್ಕಿಗೆ ಅದು ಚಾಚೂ ತಪ್ಪದೆ ಹೊಂದುತ್ತದೆ ಎಂದು ಒಪ್ಪಲು ನನಗೆ ಮನಸ್ಸಿಲ್ಲ. ಇನ್ನೊಂದು, ಹೆಕ್ಕುವುದು, ಸುಲಿಯುವುದು ಫಿಂಚಿನ ಹಗಲಿನ ಕೆಲಸ. ಅದನ್ನು ಕಿತ್ತುಕೊಂಡರೆ ಖಾಲಿ ಕೂತ ಹಕ್ಕಿ ಪಕ್ಕದ ಹಕ್ಕಿಯ ಗರಿ ಕೀಳುವುದನ್ನು ನೋಡಿದ್ದೇನೆ. ಡಾಕ್ಟರೂ ಅರ್ಧಕ್ಕೆ ಒಪ್ಪಿದರು.

ಕಪ್ಪು ಮಾತ್ರ ನುಚ್ಚನ್ನು ಕಡೆಗೂ ಮುಟ್ಟಲಿಲ್ಲ. ಒದ್ದೆ ಸೊಪ್ಪಿಗೆ ಅಂಟಿದ ಪುಡಿ ತಿನ್ನುತ್ತದೆ, ಅಷ್ಟೇ. ವಯಸ್ಸಾದ, ಕಾಯಿಲೆಯಿಂದ ಎದ್ದ ಹಕ್ಕಿ. ಬಿಟ್ಟುಬಿಟ್ಟೆವು.

ಹಸಿರಿಗೆ ಪೆಲೆಟ್‌ನಿಂದ ಒಳ್ಳೆಯದಾಯಿತೇ? ಎದೆಯ ಮಾಂಸ ತುಂಬಿಕೊಂಡಿದೆ, ಹೊಟ್ಟೆಯ ಕೊಬ್ಬಿನ ಪದರ ತೆಳುವಾಗಿದೆ. ಮುಂದಿನ ಗರಿ ಉದುರುವ ಕಾಲ ಸರಾಗವಾಗಿ ಮುಗಿದು, ಹೊಸ ಗರಿ ನುಣುಪಾಗಿ ಬಂತು. ಮತ್ತೆ ಮೊಟ್ಟೆ ಸಿಕ್ಕಿಕೊಂಡಿಲ್ಲ. ಆದರೆ ಅದು ಮೊಟ್ಟೆಯನ್ನೇ ಇಟ್ಟಿಲ್ಲ. ಗೂಡು ತೆಗೆದದ್ದು, ದೀಪದ ಹೊತ್ತು ಇಳಿಸಿದ್ದು, ಕಟಲ್‌ಬೋನ್ ಕಣ್ಣೆದುರಿಗೆ ಬಂದದ್ದು, ಯೀಸ್ಟಿಗೆ ಔಷಧ ಬಿದ್ದದ್ದು ಎಲ್ಲ ಒಂದೇ ಕಾಲದಲ್ಲಿ ನಡೆದವು. ಎಲ್ಲ ಶ್ರೇಯಸ್ಸನ್ನೂ ಪೆಲೆಟಿಗೆ ಕೊಟ್ಟರೆ ಅದು ಪ್ಯಾಕೆಟಿನ ಮೇಲಿನ ಜಾಹೀರಾತಾಗುತ್ತದೆ. ಚಿಪ್ಪು ಗಟ್ಟಿಯಾಯಿತೋ ಇಲ್ಲವೋ ಎನ್ನುವುದು ಅದು ಮತ್ತೆ ಮೊಟ್ಟೆ ಇಟ್ಟರೆ ತಾನೇ ಗೊತ್ತಾಗುವುದು. ಡಾಕ್ಟರ್ ಸದ್ಯಕ್ಕೆ ಬೇಡ ಎಂದಿದ್ದಾರೆ.

ಕೆಲವು ತಿಂಗಳಾದ ಮೇಲೆ ಹೊಸ ಪ್ಯಾಕೆಟ್ ತೆರೆದಾಗ ಒಂದು ಸಣ್ಣ ಗಲಾಟೆ ಆಯಿತು. ಹೆಸರು ಅದೇ, ನುಚ್ಚಿನ ಆಕಾರ ಬೇರೆ, ದುಂಡಗೆ, ಸ್ವಲ್ಪ ದೊಡ್ಡದು. ಎರಡು ದಿನ ತಳದಲ್ಲಿ ಮತ್ತೆ ಕಂದು ಪುಡಿ, ಹಳದಿಯ ತೂಕದಲ್ಲಿ ಅರ್ಧ ಗ್ರಾಂ ಇಳಿತ. ಗೆಳತಿ ನನಗೆ ಫೋನ್ ಮಾಡುವ ಮೊದಲೇ ಕಾಳಿನ ಪಾಲು ಏರಿಸಿ, ಹೊಸ ನುಚ್ಚನ್ನು ಇನ್ನಷ್ಟು ಸಣ್ಣಗೆ ಮಾಡಿ, ಜರಡಿ ಹಿಡಿದು ಮುಗಿಸಿದ್ದಳು. ಈಗ ಹಳೆಯ ಪ್ಯಾಕೆಟಿನ ಕೊನೆಯ ಎರಡು ಹಿಡಿಯನ್ನು ಫ್ರಿಜ್ಜಿನಲ್ಲಿಟ್ಟಿರುತ್ತಾಳೆ, ಹೊಸದರ ಜೊತೆ ಬೆರೆಸಲು.